ಆಕಾಶ ನೋಡುವ ಹುಚ್ಚೇ ನನಗೆ ಬರೆಯುವ ಕೆಲಸ ಕೊಟ್ಟಿತು

ನಾನು ಸಾಹಿತ್ಯ ಓದಿದವಳಲ್ಲ. ಪತ್ರಿಕೋದ್ಯಮವನ್ನೂ ಕಲಿತಿಲ್ಲ. ಫ್ರೀಲಾನ್ಸ್ ಆಗಿ ಬರೆಯಲು ಶುರು ಮಾಡುವ ಮೊದಲು ವಿಮಾ ಕಂಪನಿಯೊಂದರಲ್ಲಿ ಗ್ರಾಹಕರ ಪತ್ರಗಳಿಗೆ ಉತ್ತರ ಬರೆಯುತ್ತಿದ್ದೆ. ಸಣ್ಣ ಅಕ್ಷರದ ಷರತ್ತುಗಳನ್ನು ಓದಿ, ಯಾವುದು ಸಿಗುತ್ತದೆ, ಯಾವುದು ಸಿಗುವುದಿಲ್ಲ, ಯಾಕೆ ಅಂತ ಬಿಡಿಸಿ ಹೇಳುವ ಕೆಲಸ. ನಾನು ಬರೆಯಲು ಕಲಿತದ್ದು ಅಲ್ಲೇ. ಆ ಪತ್ರ ತೆರೆಯುವವರು ಆತಂಕದಲ್ಲಿರುತ್ತಾರೆ. ಅವರಿಗೆ ಬೇಕಾದ ಉತ್ತರ ಮೊದಲ ಸಾಲಿನಲ್ಲೇ ಇರಬೇಕು.

ಆದರೆ ನನ್ನದೇ ಬರಹ ಬರೆಯಬೇಕು ಅನ್ನಿಸಿದ್ದು ರಾತ್ರಿ ಆಕಾಶ ನೋಡುವ ಹವ್ಯಾಸದಿಂದ. ಸಾಧಾರಣ ಬೈನಾಕ್ಯುಲರ್ ಅಲುಗಾಡದಂತೆ ಹಿಡಿದರೆ ಸಾಕು, ಗುರು ಗ್ರಹದ ಪಕ್ಕ ಅದರ ದೊಡ್ಡ ಚಂದ್ರರು ಚುಕ್ಕಿಗಳಂತೆ ಕಾಣುತ್ತವೆ. 1610ರಲ್ಲಿ ಗೆಲಿಲಿಯೋ ಕಂಡದ್ದು ಇವನ್ನೇ. ಮರುರಾತ್ರಿ ನೋಡಿದರೆ ಜಾಗ ಬದಲಾಗಿರುತ್ತದೆ! ಇಂಥದ್ದನ್ನು ಕಂಡು ಯಾರಿಗೂ ಹೇಳದೆ ಸುಮ್ನೆ ಇರೋಕೆ ನನಗಂತೂ ಆಗುವುದಿಲ್ಲ.

2019ರ ಕೊನೆಯಲ್ಲಿ ಆರ್ದ್ರಾ ನಕ್ಷತ್ರ ಮಂಕಾಗತೊಡಗಿತು. ಬೇಟೆಗಾರನ ಆಕಾರದ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಹೆಗಲಲ್ಲಿ ಕೆಂಪಗೆ ಹೊಳೆಯುತ್ತದಲ್ಲ, ಅದೇ. ಇನ್ನೇನು ಸ್ಫೋಟವಾಗುತ್ತದೆ ಅನ್ನುವ ಮಾತು ಎಲ್ಲೆಡೆ ಹಬ್ಬಿತು. ಖಗೋಳ ವಿಜ್ಞಾನಿಗಳು ಬರೆದದ್ದನ್ನು ಹುಡುಕಿ ಓದಿದೆ. ಅಲ್ಲಿ ಅಂಥ ಅವಸರ ಇರಲಿಲ್ಲ. ಆ ನಕ್ಷತ್ರದ ಬೆಳಕು ಹಿಂದೆಯೂ ಏರಿಳಿಯುತ್ತಲೇ ಇತ್ತು. ಅದನ್ನೇ ಬರೆದು ಕಳಿಸಿದೆ, ಪ್ರಕಟವಾಯಿತು. ನಕ್ಷತ್ರವೇ ಹೊರಚೆಲ್ಲಿದ ಅನಿಲ ತಣ್ಣಗಾಗಿ, ಧೂಳಾಗಿ, ಬೆಳಕಿಗೆ ಅಡ್ಡ ಬಂದಿತ್ತು ಅಂತ 2021ರಲ್ಲಿ ಸಂಶೋಧಕರು ವಿವರಿಸಿದಾಗ, ಬರೆದು ಕೊಡಿ ಅಂತ ಸಂಪಾದಕರೇ ಕೇಳಿದರು. ಚೆಂದದ ಶೈಲಿ ಇರುವವರು ಬೇಕಾದಷ್ಟು ಜನ ಇದ್ದಾರೆ. ಒಂದು ವಿಷಯವನ್ನು ವರ್ಷಗಟ್ಟಲೆ ಬಿಡದೆ ಹಿಂಬಾಲಿಸುವವರು ಕಡಿಮೆ. ಹೊಸಬರಿಗೆ ನಾನು ಹೇಳುವುದು ಇದನ್ನೇ.

ದುಡ್ಡಿನ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಪದಕ್ಕೆ ಇಷ್ಟೋ, ಲೇಖನಕ್ಕೆ ಇಷ್ಟೋ? ಲೇಖನ ಒಪ್ಪಿದಾಗ ಕೊಡುತ್ತಾರೋ, ಪ್ರಕಟವಾದ ಮೇಲೋ? ಕೊನೆಗೆ ಹಾಕದೆ ಬಿಟ್ಟರೆ ಏನಾದರೂ ಸಿಗುತ್ತದಾ? ಹಕ್ಕು ಮೊದಲ ಪ್ರಕಟಣೆಗೆ ಮಾತ್ರವೋ, ಪೂರ್ತಿಯೋ? ಇಷ್ಟನ್ನೂ ಮೊದಲೇ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳುತ್ತೇನೆ. ಹೆಸರಿಲ್ಲದೆ ಬೇರೆಯವರಿಗೆ ಬರೆದುಕೊಡುವ ಕೆಲಸವನ್ನೂ ಮಾಡುತ್ತೇನೆ. ಆಕಾಶದ ಲೇಖನಗಳಿಗೆ ಸಮಯ ಸಿಗುವುದು ಆ ಆದಾಯದಿಂದ.

ಆಕಾಶದ ಇನ್ನೊಂದು ಅನುಕೂಲ, ಅಲ್ಲಿ ನಡೆಯುವ ಎಷ್ಟೋ ಸಂಗತಿಗಳ ದಿನಾಂಕ ಮೊದಲೇ ಗೊತ್ತಿರುತ್ತದೆ. ಹ್ಯಾಲಿ ಧೂಮಕೇತು ಮತ್ತೆ ಬರುವುದು 2061ರಲ್ಲಿ. ಪರ್ಸೀಡ್ ಉಲ್ಕೆಗಳು ಪ್ರತಿ ವರ್ಷ ಆಗಸ್ಟ್ 12ರ ಆಸುಪಾಸಿನಲ್ಲಿ ಜಾಸ್ತಿ. ಹಾಗಾಗಿ ಸಂಪಾದಕರಿಗೆ ತಿಂಗಳುಗಳ ಮೊದಲೇ ಪತ್ರ ಬರೆಯುತ್ತೇನೆ. ಒಂದೇ ಪ್ಯಾರಾ: ಏನು ನಡೆಯುತ್ತದೆ, ಓದುಗರಿಗೆ ಅದರಿಂದ ಏನು, ನಾನೇ ಯಾಕೆ ಬರೆಯಬೇಕು. ಈಗ ತಯಾರಿ ನಡೆದಿರುವುದು 2027ರ ಆಗಸ್ಟ್ 2ರ ಪೂರ್ಣ ಸೂರ್ಯಗ್ರಹಣಕ್ಕೆ. ಈಜಿಪ್ಟಿನ ಲಕ್ಸರ್ ಬಳಿ ಸೂರ್ಯ ಆರು ನಿಮಿಷಕ್ಕೂ ಹೆಚ್ಚು ಹೊತ್ತು ಪೂರ್ತಿ ಮರೆಯಾಗುತ್ತಾನೆ. ಅಷ್ಟು ದೀರ್ಘ ಗ್ರಹಣ ಅಪರೂಪ. ಆದರೂ ನನ್ನ ಮೊದಲ ಲೇಖನ ಕಣ್ಣಿನ ರಕ್ಷಣೆಯ ಬಗ್ಗೆ. ಮಾಮೂಲಿ ತಂಪು ಕನ್ನಡಕ ಸಾಲದು, ಐಎಸ್‌ಒ 12312-2 ಗುಣಮಟ್ಟದ ಗ್ರಹಣ ಕನ್ನಡಕವೇ ಬೇಕು ಅನ್ನುವುದನ್ನು ಅದರ ಮೊದಲ ಸಾಲಿನಲ್ಲೇ ಬರೆದಿದ್ದೇನೆ.