ಎಲ್ಕ್ ಬೇಟೆಗೆ ಕೋವಿ ಹೊಂದಿಸುವುದು: ಒಂದು ಸಲಕ್ಕೆ ಒಂದೇ ಬದಲಾವಣೆ

ಬೇಟೆಗೆ ಒಂದು ಕೋವಿ ಕಟ್ಟಿಸಬೇಕು ಅಂತ ಬರುವವರೆಲ್ಲ ಮೊದಲು ಕೇಳುವುದು ಕ್ಯಾಲಿಬರ್, ಅಂದರೆ ಗುಂಡಿನ ಅಳತೆಯ ಬಗ್ಗೆ. ನಾನು ಮೊದಲು ಕೇಳುವುದು ಅವರ ಎತ್ತರ ಎಷ್ಟು ಅಂತ. ಅಮೆರಿಕದ ಅಂಗಡಿಗಳಲ್ಲಿ ಸಿಗುವ ರೈಫಲ್‌ಗಳಲ್ಲಿ ಟ್ರಿಗರ್‌ನಿಂದ ಸ್ಟಾಕ್‌ನ, ಅಂದರೆ ಹೆಗಲಿಗೆ ಆನಿಸುವ ಹಿಡಿಯ, ಹಿಂದಿನ ತುದಿವರೆಗೆ ಸಾಮಾನ್ಯವಾಗಿ 13.5 ಇಂಚಿನ ಆಸುಪಾಸು ಇರುತ್ತದೆ. ಆರಡಿ ಆಳಿಗೆ ಅದು ಸರಿ. ನನ್ನಂಥ ಐದಡಿ ಐದಿಂಚಿನವರು ದಪ್ಪ ಜಾಕೆಟ್ ಹಾಕಿಕೊಂಡು ಅದನ್ನು ಹೆಗಲಿಗೆ ಏರಿಸಿದರೆ ಕತ್ತು ಚಾಚಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಹುಡುಕಬೇಕಾಗುತ್ತದೆ. ಅಂಥ ಕೋವಿಗೆ ಎಷ್ಟು ದುಡ್ಡಿನ ಬ್ಯಾರೆಲ್ ಹಾಕಿಸಿದರೂ ಅಷ್ಟೇ.

ನಾನು ಸೋಮವಾರಪೇಟೆ ಕಡೆಯವನು. ಪೀಣ್ಯದ ಟೂಲ್ ರೂಮ್‌ಗಳಲ್ಲಿ ಕೆಲಸ ಕಲಿತು, ಈಗ ಕೊಲೊರಾಡೊದ ಗ್ರೀಲಿಯಲ್ಲಿ ಮಷೀನ್ ಶಾಪ್‌ನಲ್ಲಿದ್ದೇನೆ. ಇಲ್ಲಿ ಹೇಳುವುದೆಲ್ಲ ಈ ರಾಜ್ಯದ ಕಾನೂನಿನೊಳಗೆ, ಇಲ್ಲಿನ ಲೈಸೆನ್ಸ್ ಬೇಟೆಗೆ, ಅದರಲ್ಲೂ ಎಲ್ಕ್ ಅನ್ನೋ ದೊಡ್ಡ ಜಿಂಕೆಯ ಬೇಟೆಗೆ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿದೆ, ಮುಚ್ಚಿದ್ದು ಒಳ್ಳೆಯದೇ ಆಯಿತು. ಆದರೆ ಕೊಡಗಿನಲ್ಲಿ ತೆಂಗಿನಕಾಯಿಗೆ ಈಡು ಹೊಡೆಯುವ ಸ್ಪರ್ಧೆಗೆ ಹೋಗುವವರಿಗೂ ಸ್ಟಾಕ್ ಅಳತೆಯ ವಿಷಯ ಉಪಯೋಗಕ್ಕೆ ಬಂದೀತು.

ಕಾಗದಪತ್ರದ ಕೆಲಸ ಮೊದಲು ಮುಗಿಸಿ. ಲೈಸೆನ್ಸ್ ಇರುವ ಡೀಲರ್ ಹತ್ತಿರ 4473 ಅನ್ನೋ, ಕೋವಿ ಕೊಳ್ಳುವವರ ಸರ್ಕಾರಿ ಫಾರ್ಮ್ ತುಂಬಬೇಕು, ಹಿನ್ನೆಲೆ ತಪಾಸಣೆ ಆಗುತ್ತದೆ. ಕೊಲೊರಾಡೊದಲ್ಲಿ 2023ರ ಅಕ್ಟೋಬರ್‌ನಿಂದ ಕನಿಷ್ಠ ಮೂರು ದಿನ ಕಾಯಲೂಬೇಕು. ಗ್ರೀನ್ ಕಾರ್ಡ್ ಇದ್ದವರಿಗೆ ದಾರಿ ಸುಲಭ. ಎಚ್-1ಬಿ ವೀಸಾದವರಿಗೆ ನಿಯಮ ಬೇರೆ, ಆದ್ದರಿಂದ ದುಡ್ಡು ಕೊಡುವ ಮೊದಲೇ ವಿಚಾರಿಸಿ. 1949ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಲೈಸೆನ್ಸ್‌ಗೆ ಹಂಟರ್ ಎಜುಕೇಶನ್ ಪಾಠ ಮುಗಿಸಿರಬೇಕು. ಅದನ್ನು ಕಾಟಾಚಾರಕ್ಕೆ ಮಾಡಬೇಡಿ.

ನಾನು ತಗೊಂಡದ್ದು ಸೆಕೆಂಡ್ ಹ್ಯಾಂಡ್ ರೆಮಿಂಗ್ಟನ್ 700, .308 ವಿಂಚೆಸ್ಟರ್ ತೋಟೆಯದು. ಈ ಮಾಡೆಲ್ ಬಂದದ್ದು 1962ರಲ್ಲಿ. ಅದಕ್ಕೆ ಸ್ಟಾಕ್, ಟ್ರಿಗರ್, ಸ್ಕೋಪ್ ಬೇಸ್ ಎಲ್ಲವೂ ಸಲೀಸಾಗಿ ಸಿಗುತ್ತವೆ. ಹಳೆಯದು ಕೊಳ್ಳುವಾಗ ಸೀರಿಯಲ್ ನಂಬರ್ ಹಾಕಿ ರೀಕಾಲ್ ಇದೆಯಾ ನೋಡಿ. ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಇರುವ ಕೋವಿಗಳನ್ನು ಕಂಪನಿ 2014ರಲ್ಲಿ ವಾಪಸ್ ಕರೆದಿತ್ತು. ಇನ್ನು .308 ಸಾಕಾ ಅಂತ ಕೇಳುತ್ತಾರೆ. ಕೊಲೊರಾಡೊ ನಿಯಮದಲ್ಲಿ ಎಲ್ಕ್‌ಗೆ ಗುಂಡು ಕನಿಷ್ಠ 85 ಗ್ರೇನ್ (ಸುಮಾರು ಐದೂವರೆ ಗ್ರಾಂ) ತೂಗಬೇಕು, ವ್ಯಾಸ 0.24 ಇಂಚು ಇರಬೇಕು, 100 ಗಜದಲ್ಲಿ 1,000 ಫುಟ್-ಪೌಂಡ್ ಶಕ್ತಿ ಉಳಿದಿರಬೇಕು. .308ರ 165 ಗ್ರೇನ್ ಗುಂಡಿನಲ್ಲಿ ಅದರ ಎರಡು ಪಟ್ಟಿಗೂ ಜಾಸ್ತಿ ಇರುತ್ತದೆ. ಅದಕ್ಕಿಂತ ದೊಡ್ಡ ತೋಟೆ ಹಾಕಿದರೆ ಹೆಗಲಿಗೆ ಬೀಳುವ ಏಟು ಜಾಸ್ತಿ ಆಗುತ್ತದೆ. ಏಟಿಗೆ ಹೆದರಿ ಕಣ್ಣು ಮುಚ್ಚುವವನ ಗುಂಡು ಎಲ್ಲಿಗೆ ಹೋಗುತ್ತದೋ ದೇವರಿಗೇ ಗೊತ್ತು.

ಬ್ಯಾರೆಲ್ ಬದಲಿಸುವ ಕೆಲಸವನ್ನು ಗನ್‌ಸ್ಮಿತ್‌ಗೇ ಕೊಟ್ಟೆ. ಲೇತ್ ನನ್ನ ದಿನದ ಕೆಲಸ, ಆದರೂ ಕೈ ಹಾಕಲಿಲ್ಲ. ಬೋಲ್ಟ್‌ನ, ಅಂದರೆ ತೋಟೆಯನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡಿನ, ಮುಖಕ್ಕೂ ತೋಟೆಯ ಭುಜ ಕೂರುವ ಜಾಗಕ್ಕೂ ನಡುವಿನ ಅಂತರಕ್ಕೆ ಹೆಡ್‌ಸ್ಪೇಸ್ ಅನ್ನುತ್ತಾರೆ. ಅದನ್ನು ಪರೀಕ್ಷಿಸುವ ಗೋ ಗೇಜ್ ಇಟ್ಟರೆ ಬೋಲ್ಟ್ ಮುಚ್ಚಬೇಕು, ನೋ-ಗೋ ಇಟ್ಟರೆ ಮುಚ್ಚಬಾರದು. .308ಕ್ಕೆ ಒತ್ತಡದ ಮಿತಿಯೇ ಚದರ ಇಂಚಿಗೆ 62,000 ಪೌಂಡ್, ಅದೂ ನಮ್ಮ ಮುಖದಿಂದ ಗೇಣು ದೂರದಲ್ಲಿ. 22 ಇಂಚಿನ ಬ್ಯಾರೆಲ್, ಅದರೊಳಗೆ 10 ಇಂಚಿಗೆ ಒಂದು ಸುತ್ತು ತಿರುಗುವ ಗೀರುಗಳು ಅಂತ ಹೇಳಿ ಬಂದೆ. ಟ್ರಿಗರ್‌ಗೂ ಇದೇ ಮಾತು. ಅದನ್ನು ಎಳೆಯಲು ಬೇಕಾದ ಬಲವನ್ನು 3 ಪೌಂಡ್ ಹತ್ತಿರಕ್ಕೆ ಗನ್‌ಸ್ಮಿತ್ ಕೈಯಲ್ಲೇ ಹೊಂದಿಸಿಕೊಳ್ಳಿ. ಅದಕ್ಕಿಂತ ಹಗುರ ಮಾಡಿದರೆ ಚಳಿಗಾಲದ ಗ್ಲೌಸ್ ಹಾಕಿದ ಬೆರಳಿಗೆ ಅದು ತಗುಲಿದ್ದೇ ಗೊತ್ತಾಗುವುದಿಲ್ಲ.

ನೀವೇ ಕೈಯಾರೆ ಮಾಡಬಹುದಾದದ್ದು, ಮಾಡಲೇಬೇಕಾದದ್ದು ಸ್ಟಾಕ್. ಕೋವಿ ಖಾಲಿ ಇದೆ ಅಂತ ಎರಡು ಸಲ ನೋಡಿ, ಬೋಲ್ಟ್ ತೆಗೆದು ಪಕ್ಕಕ್ಕಿಡಿ. ಬೇಟೆಗೆ ಹಾಕುವ ಜಾಕೆಟ್ ಅನ್ನೇ ಹಾಕಿಕೊಳ್ಳಿ. ಕಣ್ಣು ಮುಚ್ಚಿ ಕೋವಿಯನ್ನು ಹೆಗಲಿಗೇರಿಸಿ, ಕೆನ್ನೆ ಸಹಜವಾಗಿ ಎಲ್ಲಿ ಕೂರುತ್ತದೋ ಅಲ್ಲೇ ಕೂರಲಿ. ಆಮೇಲೆ ಕಣ್ಣು ಬಿಡಿ. ಸ್ಕೋಪ್‌ನಲ್ಲಿ ದುಂಡಗಿನ ಪೂರ್ತಿ ಚಿತ್ರ ಕಾಣಬೇಕು. ಕೆಳಗಡೆ ಅಥವಾ ಮೇಲ್ಗಡೆ ಕಪ್ಪು ನೆರಳು ಬಂದರೆ ಕೆನ್ನೆಯ ಎತ್ತರ ತಪ್ಪಿದೆ. ಸುತ್ತಲೂ ಕಪ್ಪಾಗಿ ಚಿತ್ರ ಚಿಕ್ಕದಾಗಿ ಕಂಡರೆ ಕಣ್ಣಿಗೂ ಸ್ಕೋಪ್‌ಗೂ ಇರುವ ದೂರ ತಪ್ಪಿದೆ. ನಿಂತು, ಕೂತು, ಮಲಗಿ, ಮೂರು ಭಂಗಿಯಲ್ಲೂ ನೋಡಿ. ಮಲಗಿದಾಗ ತಲೆ ಮುಂದಕ್ಕೆ ಬರುತ್ತದೆ. ನಿಂತಾಗ ಸರಿಯಿದ್ದ ಸ್ಕೋಪ್ ಮಲಗಿದಾಗ ಹುಬ್ಬಿಗೆ ಬಡಿಯುವುದು ಇದೇ ಕಾರಣಕ್ಕೆ.

ಗರಗಸ ಹಿಡಿಯುವುದಕ್ಕೆ ಆತುರ ಬೇಡ. ಕೆನ್ನೆ ಕೂರುವ ಜಾಗಕ್ಕೆ ಮೊದಲು ತೆಳುವಾದ ಫೋಮ್ ಪದರಗಳನ್ನು ಟೇಪ್ ಹಾಕಿ ಅಂಟಿಸಿ, ಒಂದೊಂದೇ ಪದರ ಏರಿಸುತ್ತಾ ಹೋಗಿ. ಉದ್ದಕ್ಕೆ, ರಬ್ಬರ್ ಪ್ಯಾಡ್ ಬಿಚ್ಚಿಟ್ಟು ಬರೀ ಸ್ಟಾಕ್‌ನಿಂದ ಹೆಗಲಿಗೇರಿಸಿ ನೋಡಿ, ಆಗ ಒಂದು ಇಂಚು ಕಡಿಮೆಯಾದರೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ನನಗೆ ಒಗ್ಗಿದ್ದು ಪ್ಯಾಡ್ ಸೇರಿ 12¾ ಇಂಚು. ಕತ್ತರಿಸುವ ಜಾಗಕ್ಕೆ ಸುತ್ತಲೂ ಮಾಸ್ಕಿಂಗ್ ಟೇಪ್ ಸುತ್ತಿ, ಅದರ ಮೇಲೆ ಗೆರೆ ಎಳೆದು, ಸಣ್ಣ ಹಲ್ಲಿನ ಗರಗಸದಲ್ಲಿ ಕತ್ತರಿಸಿ. ಟೇಪ್ ಇಲ್ಲದಿದ್ದರೆ ಅಂಚಿನಲ್ಲಿ ಮರ ಸಿಬಿರೇಳುತ್ತದೆ. ಅಂದುಕೊಂಡ ಗೆರೆಗಿಂತ ಕಾಲು ಇಂಚು ಉದ್ದ ಬಿಡಿ. ಕೆಲವು ವಾರ ಬಳಸಿ ನೋಡಿ, ಬೇಕೆನಿಸಿದರೆ ಮತ್ತೆ ತೆಗೆಯಬಹುದು.

ಈಗ ನನಗೆ ತುಂಬಾ ಇಷ್ಟವಾದ ಕೆಲಸ, ಬೆಡ್ಡಿಂಗ್. ಆ್ಯಕ್ಷನ್ ಅನ್ನೋ, ಬೋಲ್ಟ್ ಓಡಾಡುವ ಉಕ್ಕಿನ ಭಾಗ ಮರದ ಸ್ಟಾಕ್‌ನಲ್ಲಿ ಒಂದಿಷ್ಟೂ ಅಲುಗದೆ, ಎಲ್ಲೂ ಬಗ್ಗದೆ ಕೂರಬೇಕು. ಪ್ರತಿ ಈಡಿಗೂ ಅದು ಮೊದಲಿದ್ದ ಜಾಗಕ್ಕೇ ಮರಳಬೇಕು. ಆ್ಯಕ್ಷನ್‌ನ ಮುಂದೆ, ಕೆಳಗೆ ಒಂದು ದಪ್ಪ ಉಕ್ಕಿನ ನಾಲಿಗೆ ಇರುತ್ತದೆ, ರಿಕಾಯ್ಲ್ ಲಗ್. ಹಿಂದಕ್ಕೆ ಒದೆಯುವ ಬಲವನ್ನೆಲ್ಲ ಸ್ಟಾಕ್‌ಗೆ ದಾಟಿಸುವುದು ಅದರ ಹಿಂಬದಿಯ ಮುಖ. ಅಲ್ಲಿ ಸಂದಿ ಇದ್ದರೆ ಗುಂಡು ಒಮ್ಮೆ ಇಲ್ಲಿ ಒಮ್ಮೆ ಅಲ್ಲಿ ಬೀಳುತ್ತದೆ.

ಸ್ಟಾಕ್‌ನ ಒಳಗೆ ಆ್ಯಕ್ಷನ್ ಕೂರುವ ಕಡೆ ಮರವನ್ನು ಎರಡು ಮಿಲಿಮೀಟರ್‌ನಷ್ಟು ಕೆರೆದು ಎಪಾಕ್ಸಿಗೆ, ಅಂದರೆ ಕಲಸಿ ಹಾಕಿದ ಮೇಲೆ ಗಟ್ಟಿಯಾಗುವ ಅಂಟಿಗೆ, ಜಾಗ ಮಾಡಿ. ಸ್ಕ್ರೂ ಹೋಗುವ ತೂತುಗಳಿಗೆ ಅಲ್ಯೂಮಿನಿಯಂ ಕೊಳವೆ ಕೂರಿಸಿದರೆ ಬಿಗಿದಾಗ ಮರ ಕುಗ್ಗುವುದಿಲ್ಲ. ಲಗ್‌ನ ಮುಂದೆ, ಎರಡು ಪಕ್ಕ ಮತ್ತು ತಳಕ್ಕೆ ಒಂದು ಪದರ ಟೇಪ್ ಹಾಕಿ, ಹಿಂಬದಿಯ ಮುಖವನ್ನು ಬರಿದಾಗಿ ಬಿಡಿ. ಟ್ರಿಗರ್ ಮನೆ, ಸ್ಕ್ರೂ ತೂತು, ಕಾಣುವ ಪ್ರತಿ ಸಂದಿಗೂ ಮಕ್ಕಳು ಆಡುವ ಕ್ಲೇ ತುಂಬಿ. ಇದರಲ್ಲಿ ಜಿಪುಣತನ ಬೇಡ. ಒಂದು ತೂತಿನೊಳಗೆ ಎಪಾಕ್ಸಿ ಇಳಿದು ಗಟ್ಟಿಯಾದರೆ ಆ್ಯಕ್ಷನ್ ಮತ್ತೆ ಹೊರಗೆ ಬರುವುದಿಲ್ಲ, ಸ್ಟಾಕ್ ಒಡೆಯಬೇಕಾದೀತು. ಎಪಾಕ್ಸಿ ಅಂಟದ ಹಾಗೆ ಬಣ್ಣವಿಲ್ಲದ ಕಿವಿ ಶೂ ಪಾಲಿಶ್ ಸಾಕು. ತೆಳುವಾಗಿ ಹಚ್ಚಿ, ಒಣಗಿಸಿ, ಉಜ್ಜಿ, ಮತ್ತೆ ಹಚ್ಚಿ. ಲಗ್‌ನ ಹಿಂಬದಿಗೂ ಮರೆಯಬೇಡಿ. ಸ್ಪ್ರೇ ಬಳಸುವವರೂ ಇದ್ದಾರೆ, ನನಗೆ ಪಾಲಿಶೇ ಮೇಲು.

ಎಪಾಕ್ಸಿಯನ್ನು ನಿಧಾನವಾಗಿ, ಗುಳ್ಳೆ ಬರದಂತೆ ಕಲಸಿ. ಕೆರೆದ ಜಾಗಕ್ಕೆ ಅದನ್ನು ಹಾಕಿ, ಆ್ಯಕ್ಷನ್ ಅನ್ನು ಅದರ ತೂಕದಲ್ಲೇ ಇಳಿಯಲು ಬಿಡಿ, ಸ್ಕ್ರೂಗಳನ್ನು ಬೆರಳಲ್ಲಿ ತಿರುಗಿಸುವಷ್ಟೇ ಬಿಗಿ ಮಾಡಿ. ಜೋರಾಗಿ ಬಿಗಿದರೆ ಆ್ಯಕ್ಷನ್ ಬಗ್ಗಿಕೊಂಡೇ ಎಪಾಕ್ಸಿ ಗಟ್ಟಿಯಾಗುತ್ತದೆ, ಮಾಡಿದ ಕೆಲಸವೆಲ್ಲ ದಂಡ. ಅಂಚಿನಲ್ಲಿ ಉಕ್ಕಿದ್ದನ್ನು ವಿನಿಗರ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಒರೆಸಿ. 24 ಗಂಟೆ ಮುಟ್ಟಬೇಡಿ.

ಇದು ಸರಿಯಾಗಿದೆಯಾ ಅಂತ ಕಣ್ಣಿಗೆ ಗೊತ್ತಾಗುವುದಿಲ್ಲ. ಇಲ್ಲಿ ಟೂಲ್ ರೂಮ್ ಬುದ್ಧಿ ಬೇಕು. ಡಯಲ್ ಗೇಜ್‌ನ ಮ್ಯಾಗ್ನೆಟಿಕ್ ಬೇಸನ್ನು ಬ್ಯಾರೆಲ್ ಮೇಲೆ ಕೂರಿಸಿ, ಮುಳ್ಳಿನ ತುದಿ ಸ್ಟಾಕ್‌ನ ಮುಂತುದಿಗೆ ತಾಗಲಿ. ಎರಡೂ ಸ್ಕ್ರೂ ಬಿಗಿ ಇರುವಾಗ ಸೊನ್ನೆಗೆ ತನ್ನಿ. ಈಗ ಮುಂದಿನ ಸ್ಕ್ರೂ ಮಾತ್ರ ನಿಧಾನವಾಗಿ ಸಡಿಲಿಸಿ ಮುಳ್ಳನ್ನು ನೋಡಿ. 2 ಥೌ, ಅಂದರೆ 0.05 ಮಿಲಿಮೀಟರ್ ಒಳಗೇ ಅಲುಗಿದರೆ ಬೆಡ್ಡಿಂಗ್ ಚೆನ್ನಾಗಿದೆ. ಸ್ಕ್ರೂ ತಿರುಗಿದ ಹಾಗೆ ಮುಳ್ಳೂ ಓಡುತ್ತಾ ಹೋದರೆ ಆ್ಯಕ್ಷನ್ ಇನ್ನೂ ಬಗ್ಗುತ್ತಿದೆ. ಆಗ ಒಂದು ಪದರ ಕೆರೆದು ಮತ್ತೆ ಎಪಾಕ್ಸಿ ಹಾಕಿ. ಹಿಂದಿನ ಸ್ಕ್ರೂಗೂ ಹೀಗೇ. ಬ್ಯಾರೆಲ್‌ನ ಕೆಳಗೆ ಒಂದು ಹಾಳೆ ಚೂರು ತೂರಿಸಿ, ಅದು ಆ್ಯಕ್ಷನ್ ಹತ್ತಿರದವರೆಗೂ ಎಲ್ಲೂ ಸಿಕ್ಕದೆ ಸರಿದು ಬರಬೇಕು.

ಜೋಡಿಸುವಾಗ ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಹಿಂಬದಿ ನೆಲಕ್ಕೆ. ಲಗ್ ತನ್ನ ಜಾಗಕ್ಕೆ ಒತ್ತಿ ಕೂರುತ್ತದೆ. ಮುಂದಿನ ಸ್ಕ್ರೂ ಮೊದಲು, ಹಿಂದಿನದು ಆಮೇಲೆ. ಬರೀ ಮರವಾದರೆ 40 ಇಂಚು-ಪೌಂಡ್ ಆಸುಪಾಸು, ಅಲ್ಯೂಮಿನಿಯಂ ಕೊಳವೆ ಇದ್ದರೆ 65ರವರೆಗೆ ಬಿಗಿಯಬಹುದು. ಬಿಗಿತ ಅಳೆಯುವ ಟಾರ್ಕ್ ವ್ರೆಂಚ್ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬೇಡಿ. ಕೈ ಅಂದಾಜು ದಿನಕ್ಕೊಂದು ಥರ ಇರುತ್ತದೆ, ಅಲ್ವಾ.

ಸ್ಕೋಪ್ ಬಗ್ಗೆ ಹೆಚ್ಚೇನಿಲ್ಲ. ಬೇಸ್ ಸ್ಕ್ರೂಗಳ ಎಣ್ಣೆ ಒರೆಸಿ ನೀಲಿ ಥ್ರೆಡ್‌ಲಾಕರ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಹಾಕಿ. ರಿಂಗ್‌ಗಳಿಗೆ 15ರಿಂದ 18 ಇಂಚು-ಪೌಂಡ್ ಸಾಕು. ದೂರದಲ್ಲಿ ದಾರಕ್ಕೆ ಭಾರ ಕಟ್ಟಿ ನೇತುಹಾಕಿ, ಸ್ಕೋಪ್‌ನ ಉದ್ದಗೆರೆ ಅದಕ್ಕೆ ಸರಿಯಾಗಿ ಕೂರುವ ಹಾಗೆ ತಿರುಗಿಸಿ. ರಿಂಗ್‌ನಿಂದ ಸ್ಕೋಪ್‌ಗೆ ದಾಟುವ ಹಾಗೆ ಉಗುರು ಬಣ್ಣದಲ್ಲಿ ಒಂದು ಸಣ್ಣ ಗೆರೆ ಎಳೆದುಬಿಡಿ. ಗೆರೆ ಮುರಿದರೆ ಸ್ಕೋಪ್ ಜಾರಿದೆ ಅಂತ.

ಇನ್ನು ಪರೀಕ್ಷೆ. ನಾನು ಹೋಗುವುದು ಪಾನೀ ಹುಲ್ಲುಗಾವಲಿಗೆ. ಅಲ್ಲಿ ಗಾಳಿ ಬಿಡುವುದೇ ಇಲ್ಲ, ಅದಕ್ಕೇ ಬೆಳಗ್ಗೆ ಬೇಗ ಹೋಗಬೇಕು. ಮೊದಲು 25 ಗಜ, ಆಮೇಲೆ 100. ಬೇರೆ ಬೇರೆ ಕಂಪನಿಯ 165 ಗ್ರೇನ್ ತೋಟೆ ನಾಲ್ಕು ಬಗೆ ತಗೊಳ್ಳಿ. ಒಂದೊಂದರಿಂದ ಐದು ಈಡಿನ ಗ್ರೂಪ್ (ಒಂದೇ ಗುರಿಗೆ ಹೊಡೆದ ತೂತುಗಳ ಗುಂಪು) ಹೊಡೆಯಿರಿ, ನಡುವೆ ಬ್ಯಾರೆಲ್ ಮುಟ್ಟುವಷ್ಟು ತಣ್ಣಗಾಗಲಿ. ಮೂರು ಈಡಿನ ಚಂದದ ಗ್ರೂಪ್ ತೋರಿಸಿ ಮೆರೆಯುವವರನ್ನು ನಂಬಬೇಡಿ. ನಾಲ್ಕನೆಯದು ಎಲ್ಲಿ ಬೀಳುತ್ತಿತ್ತು ಅಂತ ಯಾರಿಗೆ ಗೊತ್ತು?

ಒಂದು ನೋಟ್‌ಬುಕ್ ಇಡಿ. ತಾರೀಕು, ಚಳಿ, ಗಾಳಿ, ತೋಟೆಯ ಲಾಟ್ ನಂಬರ್, ಸ್ಕ್ರೂ ಟಾರ್ಕ್. ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ. ತೋಟೆಯನ್ನೂ ಟಾರ್ಕನ್ನೂ ಒಟ್ಟಿಗೆ ಬದಲಿಸಿದ ದಿನ ಗ್ರೂಪ್ ಚಿಕ್ಕದಾದರೆ ಯಾವುದರಿಂದ ಆಯಿತು ಅಂತ ಹೇಗೆ ಹೇಳ್ತೀರಿ? ಅಡುಗೆಯಲ್ಲಿ ಉಪ್ಪು, ಹುಳಿ ಎರಡನ್ನೂ ಒಮ್ಮೆಲೇ ಸುರಿದ ಹಾಗೆ.

ಕಾಗದದ ಮೇಲಿನ ತೂತುಗಳನ್ನು ಓದಲು ಕಲಿಯಿರಿ. ಮೇಲಿನಿಂದ ಕೆಳಕ್ಕೆ ಸಾಲಾಗಿ ಬಿದ್ದರೆ, ಬ್ಯಾರೆಲ್ ಎಲ್ಲೋ ಸ್ಟಾಕ್‌ಗೆ ತಾಗುತ್ತಿದೆಯಾ, ಮುಂದಿನ ಸ್ಕ್ರೂ ಸಡಿಲವಾ ನೋಡಿ. ಈಡಿಗೊಮ್ಮೆ ಒಂದೇ ದಿಕ್ಕಿಗೆ ಸರಿಯುತ್ತಾ ಹೋದರೆ ಬ್ಯಾರೆಲ್ ಕಾದಿದೆ. ಅಡ್ಡಕ್ಕೆ ಹರಡಿದರೆ ಮೊದಲ ಅನುಮಾನ ಗಾಳಿಯ ಮೇಲೆ, ಆಮೇಲೆ ನಿಮ್ಮ ಕೈಯ ಮೇಲೆ. ಎರಡು ಬೇರೆ ಬೇರೆ ಗುಂಪಾಗಿ ಬಿದ್ದರೆ ಏನೋ ಎರಡು ಜಾಗದ ನಡುವೆ ಅಲುಗುತ್ತಿದೆ, ಸ್ಕೋಪ್ ಅಥವಾ ಬೆಡ್ಡಿಂಗ್. ಆಗ ಬೇರೆ ಕೋವಿಯಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿರುವ ಸ್ಕೋಪನ್ನು ತಂದು ಹಾಕಿ. ಅದೇ ತೊಂದರೆ ಮುಂದುವರಿದರೆ ಸ್ಕೋಪ್ ನಿರಪರಾಧಿ.

100 ಗಜಕ್ಕೆ ಐದು ಈಡು ಒಂದೂವರೆ ಇಂಚಿನೊಳಗೆ ಬಂದರೆ ನಿಲ್ಲಿಸಿ. ಎಲ್ಕ್‌ನ ಎದೆಗೂಡು ಒಂದಡಿಗಿಂತ ಅಗಲ. ಅರ್ಧ ಇಂಚಿಗಾಗಿ ಇನ್ನೊಂದು ವರ್ಷ ತೋಟೆ ಸುಡುವ ಬದಲು ಬೆಂಚ್ ಬಿಟ್ಟು ಎದ್ದು, ಮೊಣಕಾಲ ಮೇಲೆ, ಕೂತು, ಬೆನ್ನಿನ ಚೀಲಕ್ಕೆ ಆನಿಸಿ ಹೊಡೆಯಿರಿ. ಹಾಗೆ ಹೊಡೆದಾಗ ಐದಕ್ಕೆ ಐದೂ ಊಟದ ಕಾಗದದ ತಟ್ಟೆಯೊಳಗೆ ಬೀಳುವ ದೂರವೇ ನಿಮ್ಮ ಬೇಟೆಯ ದೂರ. ನನ್ನದು 250 ಗಜ, ಅದಕ್ಕಿಂತ ದೂರದ ಪ್ರಾಣಿಗೆ ನಾನು ಕೋವಿ ಎತ್ತುವುದಿಲ್ಲ.

ಕೊನೆಗೆ 200 ಗಜದಲ್ಲಿ ಗುಂಡು ಸರಿಯಾಗಿ ಗುರಿಗೇ ಬೀಳುವ ಹಾಗೆ ಸ್ಕೋಪ್ ಹೊಂದಿಸಿ. ಈ ತೋಟೆ 100 ಗಜದಲ್ಲಿ ಸುಮಾರು 2 ಇಂಚು ಮೇಲೆ, 300ರಲ್ಲಿ ಸುಮಾರು 8 ಇಂಚು ಕೆಳಗೆ ಬೀಳುತ್ತದೆ. ನಿಮ್ಮ ಕೋವಿಯ ನಿಜವಾದ ಅಂಕಿಯನ್ನು ಹೊಡೆದು ನೋಡಿಯೇ ಬರೆದು, ಸ್ಟಾಕ್‌ಗೆ ಟೇಪ್ ಹಾಕಿ ಅಂಟಿಸಿ. ಬೇಟೆಗೆ ಹೋಗುವ ವಾರ ಹಿಂದಿನ ರಾತ್ರಿಯಿಡೀ ತಣ್ಣಗಿದ್ದ ಬ್ಯಾರೆಲ್‌ನಿಂದ ಮೊದಲ ಒಂದು ಈಡು ಎಲ್ಲಿ ಬೀಳುತ್ತದೆ ನೋಡಿ, ಕಾಡಿನಲ್ಲಿ ಲೆಕ್ಕಕ್ಕೆ ಬರುವುದು ಅದೊಂದೇ. ವಾಲ್ಡನ್ ಕಡೆಯ ಎತ್ತರದಲ್ಲಿ, ಹಿಮದ ಮೇಲೆ ಕಾಲು ಜಾರಿ ಕೋವಿ ಸಮೇತ ಬೀಳುವುದು ಹೊಸದೇನಲ್ಲ. ಹಾಗೆ ಬಿದ್ದರೆ ಬ್ಯಾರೆಲ್ ಒಳಗೆ ಹಿಮ, ಮಣ್ಣು ತುಂಬಿದೆಯಾ ಅಂತ ಬೋಲ್ಟ್ ತೆಗೆದು ನೋಡಿ, ಉಗುರು ಬಣ್ಣದ ಗೆರೆ ನೋಡಿ. ಹಿಂದೆ ಮಣ್ಣಿನ ಗುಡ್ಡ ಇರುವ ಜಾಗ ಹುಡುಕಿ 100 ಗಜಕ್ಕೆ ಒಂದು ಈಡು ಹೊಡೆದು, ಅದೇ 2 ಇಂಚು ಮೇಲೆ ಬಿದ್ದರೆ ಮಾತ್ರ ಬೇಟೆ ಮುಂದುವರಿಸಿ.