ಬಸ್ಸಿನ ವಿಸಿಲ್‌ನಿಂದ ಒಂದು ಟ್ರ್ಯಾಕ್: ಪಂಕ್ ಮತ್ತು ಎಲೆಕ್ಟ್ರಾನಿಕ್ ಪ್ರಯೋಗಕ್ಕೆ ಇಳಿಯುವುದು ಹೇಗೆ

ಪಂಕ್ ಅನ್ನುವ ಒರಟು, ವೇಗದ ರಾಕ್ ಸಂಗೀತ ಕೇಳಬೇಕು, ಯಂತ್ರದಲ್ಲಿ ಸದ್ದು ಕಟ್ಟುವ ಎಲೆಕ್ಟ್ರಾನಿಕ್ ಪ್ರಯೋಗಗಳನ್ನೂ ಕೇಳಬೇಕು, ಎಲ್ಲಿಂದ ಶುರು ಮಾಡಲಿ ಅಂತ ಯಾರಾದರೂ ಕೇಳಿದರೆ ನಾನು ಉದ್ದ ಪಟ್ಟಿ ಕೊಡುವುದಿಲ್ಲ ಮಾರಾಯ್ರೆ. ನಾಲ್ಕೈದು ಜನರನ್ನು ಕೇಳಿ. ಆಮೇಲೆ ಒಂದು ಭಾನುವಾರ ಫೋನ್ ಹಿಡಿದು ನೀವೇ ಒಂದು ಟ್ರ್ಯಾಕ್ ಮಾಡಿ. ಸುಮ್ನೆ ಕೇಳಿದರೆ ಇದು ಅರ್ಧವೇ ತಲೆಗೆ ಹೋಗುವುದು.

ಮೊದಲು ರಾಮೋನ್ಸ್, ನ್ಯೂಯಾರ್ಕಿನ ಪಂಕ್ ಬ್ಯಾಂಡ್. 1976ರ ಮೊದಲ ಆಲ್ಬಂ, 14 ಹಾಡು, ಅರ್ಧ ಗಂಟೆಯೂ ಇಲ್ಲ. ಸುರತ್ಕಲ್‌ನಲ್ಲಿ ಬಸ್ ಹತ್ತಿದರೆ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡ್ ಬರುವುದರೊಳಗೆ ಮುಗಿಯುತ್ತದೆ. ಇಷ್ಟವಾದರೆ ಆಯ್ತು, ಆಗದಿದ್ದರೆ ಮುಂದಿನದಕ್ಕೆ ಹೋಗಿ.

ಮುಂದಿನದು ಸೂಸೈಡ್. ಹೆದರಬೇಡಿ, ಬ್ಯಾಂಡಿನ ಹೆಸರು ಅದು. ನ್ಯೂಯಾರ್ಕಿನ ಇಬ್ಬರೇ: ಹಾಡುವುದು ಅಲನ್ ವೇಗಾ, ಕೀಬೋರ್ಡು ಮತ್ತು ರಿದಂ ಮಷೀನ್ ಮಾರ್ಟಿನ್ ರೆವ್. ಗಿಟಾರ್ ಇಲ್ಲ, ಡ್ರಮ್ ಬಾರಿಸುವವನೂ ಇಲ್ಲ. ಆದರೂ 1970ರ ದಶಕದ ಶುರುವಿನಲ್ಲೇ ತಮ್ಮ ಪೋಸ್ಟರಿನಲ್ಲಿ ಪಂಕ್ ಅಂತ ಹಾಕಿಕೊಂಡವರು ಇವರು. ಮೊದಲ ಆಲ್ಬಂ 1977ರಲ್ಲಿ ಬಂತು. 1978ರಲ್ಲಿ ಬ್ರಸೆಲ್ಸ್‌ನಲ್ಲಿ ಜನ ಕೂಗಾಡಿ, ಮೈಕನ್ನೇ ಕಿತ್ತುಕೊಂಡು, 23 ನಿಮಿಷಕ್ಕೆ ಕಾರ್ಯಕ್ರಮ ನಿಂತುಹೋಯಿತು. ಈಗ ಕೇಳಿದರೆ ಅಷ್ಟು ಸಿಟ್ಟು ಬರುವಂಥದ್ದು ಎಂತ ಉಂಟು ಅನ್ನಿಸುತ್ತದೆ. ಒಂದೇ ತಾಳ ಬಿಡದೆ ಹೊಡೆಯುವುದು ನಮಗೇನು ಹೊಸದಾ? ಇಡೀ ರಾತ್ರಿ ಚೆಂಡೆ ಕೇಳಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ಊರು ನಮ್ಮದು.

ಇನ್ನು ಡೆಲಿಯಾ ಡರ್ಬಿಶೈರ್. ಬಿಬಿಸಿಯ ಕಾರ್ಯಕ್ರಮಗಳಿಗೆ ಹೊಸ ಸದ್ದು ಮಾಡಿಕೊಡುವ ರೇಡಿಯೋಫೋನಿಕ್ ವರ್ಕ್‌ಶಾಪ್ ಅನ್ನುವ ವಿಭಾಗದಲ್ಲಿದ್ದವರು. 1963ರಲ್ಲಿ ಡಾಕ್ಟರ್ ಹೂ ಅನ್ನುವ ಟಿವಿ ಸರಣಿಗೆ ರಾನ್ ಗ್ರೇನರ್ ಬರೆದ ರಾಗವನ್ನು ಇವರು ಸದ್ದಾಗಿ ಕಟ್ಟಿದರು. ಹೇಗೆ ಗೊತ್ತಾ? ಒಂದು ತಂತಿ ಮೀಟಿದ್ದು, ಲ್ಯಾಬಿನ ಆಸಿಲೇಟರ್ ಅನ್ನುವ, ಕರೆಂಟಿನಿಂದ ಒಂದೇ ಸ್ವರ ಹೊರಡಿಸುವ ಯಂತ್ರದ ಕೂಗು, ಇಷ್ಟನ್ನು ಟೇಪಿಗೆ ಹಾಕಿ, ವೇಗ ಬದಲಿಸಿ ಶ್ರುತಿ ಹೊಂದಿಸಿ, ಒಂದೊಂದು ಸ್ವರಕ್ಕೂ ಟೇಪನ್ನು ಅಳೆದು ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದ್ದು. ಕೀಬೋರ್ಡ್ ಒತ್ತಿದರೆ ಬರುವ ಸಿಂತಸೈಜರ್ ಅಲ್ಲಿರಲಿಲ್ಲ. ಅವರು ಹುಟ್ಟಿದ್ದು ಕೊವೆಂಟ್ರಿಯಲ್ಲಿ, 1937ರಲ್ಲಿ. ಮಗುವಾಗಿದ್ದಾಗ ಕೇಳಿದ ವಿಮಾನ ದಾಳಿಯ ಸೈರನ್ನೇ ತನ್ನ ಕಿವಿಗೆ ಬಿದ್ದ ಮೊದಲ ಎಲೆಕ್ಟ್ರಾನಿಕ್ ಸಂಗೀತ ಎನ್ನುವ ಅರ್ಥದಲ್ಲಿ ಹೇಳಿಕೊಂಡಿದ್ದರು.

ಇಂಗ್ಲೆಂಡಿನ ಶೆಫೀಲ್ಡಿನ ಎಲೆಕ್ಟ್ರಾನಿಕ್ ಬ್ಯಾಂಡ್ ಕ್ಯಾಬರೇ ವೋಲ್ಟೇರ್‌ನಲ್ಲಿದ್ದ ಕ್ರಿಸ್ ವಾಟ್ಸನ್ ಆಮೇಲೆ ಕಾಡಿನ ಸದ್ದು ಹಿಡಿಯುವ ಕೆಲಸಕ್ಕೆ ಹೋದರು. ಸತ್ತ ಜೀಬ್ರಾದ ಪಕ್ಕೆಲುಬಿನ ಒಳಗೆ ಮೈಕ್ ಇಟ್ಟು ರಣಹದ್ದುಗಳು ತಿನ್ನುವ ಸದ್ದು ಹಿಡಿದವರು ಅವರು. ಊಟದ ಹೊತ್ತಿಗೆ ಬೇಡ. ನಮ್ಮವರೂ ಒಬ್ಬರು ಬೇಕಲ್ವಾ? ಬಾಂಬೆ ಸಿನಿಮಾ ಸಂಗೀತದಲ್ಲಿ ನುಡಿಸುತ್ತಿದ್ದ ಚರಣ್‌ಜೀತ್ ಸಿಂಗ್. 1982ರಲ್ಲಿ ರೋಲಂಡ್ ಕಂಪನಿಯ ಸಿಂತಸೈಜರ್, ರಿದಂ ಮಷೀನ್ ಅಂತ ಮೂರು ಯಂತ್ರ ಇಟ್ಟುಕೊಂಡು ಹತ್ತು ರಾಗವನ್ನು ಡಿಸ್ಕೋ ತಾಳಕ್ಕೆ ನುಡಿಸಿದರು. ಆಗ ಹೆಚ್ಚು ಜನ ತಿರುಗಿ ನೋಡಲಿಲ್ಲ.

ಈಗ ನಿಮ್ಮ ಕೆಲಸ. ಫೋನಿನಲ್ಲಿ ವೇವ್ ಫೈಲ್ (ಸದ್ದನ್ನು ಕುಗ್ಗಿಸದೆ ಇಡುವ ಫೈಲ್) ಆಗಿ ರೆಕಾರ್ಡ್ ಮಾಡುವ ಆ್ಯಪ್ ಹಾಕಿಕೊಳ್ಳಿ. ಕಡಲ ಗಾಳಿ ಮೈಕಿಗೆ ಹೊಡೆದರೆ ಬರೀ ಬುರ್ ಅಂತ ಬರುತ್ತದೆ, ಅದಕ್ಕೆ ಫೋನಿಗೆ ಒಂದು ತೊಳೆದ ಸಾಕ್ಸ್ ಹಾಕಿ. ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಂಡಕ್ಟರ್ ವಿಸಿಲ್ ಊದುವುದನ್ನು ಹಿಡಿಯಿರಿ, ಆದರೆ ನಾಲ್ಕೈದು ಅಡಿ ದೂರದಿಂದ. ನಾನೊಮ್ಮೆ ಯಕ್ಷಗಾನದಲ್ಲಿ ಸ್ಪೀಕರ್ ಬುಡದಲ್ಲೇ ಫೋನ್ ಇಟ್ಟು ಎರಡು ಗಂಟೆ ಚೆಂಡೆ ರೆಕಾರ್ಡ್ ಮಾಡಿದ್ದೆ. ಮನೆಗೆ ಬಂದು ಕೇಳಿದರೆ ಪೂರ್ತಿ ಒಡೆದ ಸದ್ದು, ಏನೂ ಮಾಡಲಿಕ್ಕಾಗಲಿಲ್ಲ. ದೈವದ ಕೋಲಕ್ಕೆ ಮಾತ್ರ ಫೋನ್ ಹಿಡಿದು ಹೋಗಬೇಡಿ. ಅದು ತಂದು ಕತ್ತರಿಸುವ ಸದ್ದಲ್ಲ.

ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ ಅನ್ನುವ, ಸದ್ದು ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಹಾಕಿ, ಪುಕ್ಕಟೆ. ವಿಸಿಲ್‌ನಿಂದ ಸರಿಯಾಗಿ 1 ಸೆಕೆಂಡ್ ಕತ್ತರಿಸಿ, ವೇಗ ಅರ್ಧ ಮಾಡಿ. ಉದ್ದ 2 ಸೆಕೆಂಡ್ ಆಗುತ್ತದೆ, ಶ್ರುತಿ ಒಂದು ಸ್ಥಾಯಿ ಕೆಳಗಿಳಿಯುತ್ತದೆ, ವಿಸಿಲ್ ಒಳಗಿನ ಸಣ್ಣ ಗುಂಡು ಉರುಳುವುದು ಕೂಡ ಬಿಡಿಬಿಡಿಯಾಗಿ ಕೇಳುತ್ತದೆ. ಇದು ಒಟ್ಟು 21 ಸಲ ಬರುವ ಹಾಗೆ ರಿಪೀಟ್ ಮಾಡಿ ಎಡಗಿವಿಗೆ ಹಾಕಿ. ಅದೇ ತುಂಡಿನ ಇನ್ನೊಂದು ಪ್ರತಿಗೆ ಕೊನೆಯಲ್ಲಿ 0.1 ಸೆಕೆಂಡ್ ಮೌನ ಸೇರಿಸಿ, ಒಟ್ಟು 20 ಸಲ, ಬಲಗಿವಿಗೆ.

ಎರಡೂ ಒಟ್ಟಿಗೆ ಹೊರಟು, ಸ್ವಲ್ಪ ಸ್ವಲ್ಪವೇ ತಪ್ಪುತ್ತಾ ಹೋಗುತ್ತವೆ. ಅಮೆರಿಕದ ಸಂಗೀತ ರಚನೆಕಾರ ಸ್ಟೀವ್ ರೈಶ್ 1965ರಲ್ಲಿ ಮಾಡಿದ್ದು ಇದನ್ನೇ. ಸ್ಯಾನ್‌ಫ್ರಾನ್ಸಿಸ್ಕೋದ ಬೀದಿ ಪ್ರಚಾರಕನ ದನಿಯನ್ನು ಎರಡು ಟೇಪ್ ರೆಕಾರ್ಡರಿಗೆ ಹಾಕಿದಾಗ ಒಂದು ಯಂತ್ರ ಹಿಂದೆ ಬಿತ್ತು, ಅದನ್ನೇ ಅವರು ಸಂಗೀತ ಮಾಡಿಕೊಂಡರು.

ಅಡಿಯಲ್ಲಿ ಮಳೆ ಹಾಕುವುದಾದರೆ ಹಂಚಿನ ಮಾಡಿನದ್ದು ಹಾಕಿ, ತಗಡು ಶೀಟಿನದ್ದು ಬೇಡ, ಅದು ಉಳಿದದ್ದನ್ನೆಲ್ಲ ನುಂಗುತ್ತದೆ. ಸರಿಯಾಗಿ 20ನೇ ಸೆಕೆಂಡಿನ ಸುತ್ತ ಎರಡು ವಿಸಿಲ್ ಜಗಳಕ್ಕೆ ನಿಂತ ಹಾಗೆ ಕೇಳುತ್ತವೆ. 42ಕ್ಕೆ ಎರಡೂ ಮತ್ತೆ ಒಂದಾಗುತ್ತವೆ. ಅಲ್ಲಿಗೆ ಕತ್ತರಿಸಿ.