ಒಂದು ಹೊಲ, ಒಂದು ಪುಟ: ಬೇಸಾಯದ ಪೂರ್ತಿ ಲೆಕ್ಕ ಬರೆಯುವ ಬಗೆ

ಇಡೀ ಜಮೀನಿನ ಲೆಕ್ಕವನ್ನು ಒಟ್ಟಾಗಿ ಬರೆಯಬೇಡಿ. ಒಂದು ತುಂಡು ನೆಲ, ಒಂದು ಬೆಳೆ, ಒಂದು ಹಂಗಾಮು: ಇದಕ್ಕೊಂದು ಪುಟ. ಒಟ್ಟು ಲೆಕ್ಕದಲ್ಲಿ ಒಳ್ಳೆಯ ಹೊಲದ ಗಳಿಕೆ ಕೆಟ್ಟ ಹೊಲದ ನಷ್ಟವನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ.

ರೈತರ ಜೊತೆ ಕುಳಿತು ಲೆಕ್ಕ ಬರೆಸುವುದು ನನ್ನ ಕೆಲಸ. ಬೀಜ, ಗೊಬ್ಬರ, ಉಳುಮೆ, ಕೂಲಿ ಯಾರಿಗೂ ಮರೆಯುವುದಿಲ್ಲ. ಅವುಗಳ ಜೊತೆಗೆ ಸಾಲದ ಬಡ್ಡಿ ಮತ್ತು ಯಂತ್ರದ ಸವಕಳಿಯನ್ನು (ಬಳಸಿದಂತೆಲ್ಲ ಅದರ ಬೆಲೆ ಇಳಿಯುವುದನ್ನು) ಸೇರಿಸಿದರೆ ಕೈಯಿಂದ ಹೋದ ಹಣದ ಭಾಗ ಮುಗಿಯಿತು. ನಾನು ಜಗಳವಾಡಿಯಾದರೂ ಬರೆಸುವುದು ಅದರ ನಂತರದ ಸಾಲುಗಳನ್ನು.

ಮೊದಲನೆಯದು ಮನೆಯವರ ದುಡಿಮೆ. ಯಾರು, ಯಾವ ಕೆಲಸ, ಎಷ್ಟು ಗಂಟೆ ಎಂದು ಅಂದಂದೇ ಬರೆಯಿರಿ. ಬೆಲೆ ಕಟ್ಟುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಅದೇ ಹೊತ್ತನ್ನು ಅವರು ಬೇರೆಡೆ ದುಡಿದಿದ್ದರೆ ಎಷ್ಟು ಸಿಗುತ್ತಿತ್ತು? ಕೆಲಸ ತುಂಬಿರುವ ಕಾಲದಲ್ಲಿ ಅದು ಹೆಚ್ಚು, ಬಿಡುವಿನ ಕಾಲದಲ್ಲಿ ಕಡಿಮೆ. ಬೀಜ ಆರಿಸುವುದು, ಒಣಗಿಸುವುದು, ಹಸನು ಮಾಡುವುದು, ದನಕ್ಕೆ ಮೇವು ಹಾಕುವುದು ಹೆಚ್ಚಾಗಿ ಹೆಂಗಸರ ಪಾಲಿನ ಕೆಲಸ, ಮತ್ತು ಲೆಕ್ಕದಿಂದ ಮೊದಲು ಬಿಟ್ಟುಹೋಗುವುದೂ ಅದೇ. ಅದನ್ನು ಬಿಟ್ಟು ತೋರಿಸಿದ ಲಾಭವನ್ನು ನಾನು ಲಾಭವೆಂದು ಒಪ್ಪುವುದಿಲ್ಲ.

ಎರಡನೆಯದು ಸ್ವಂತ ನೆಲದ ಗೇಣಿ. ನೆಲ ನಿಮ್ಮದೇ ಆಗಿದ್ದರೂ, ಅದನ್ನು ಬೇರೆಯವರಿಗೆ ಗುತ್ತಿಗೆ ಕೊಟ್ಟಿದ್ದರೆ ಬರುತ್ತಿದ್ದ ಹಣ ಖರ್ಚಿನ ಸಾಲಿನಲ್ಲಿರಬೇಕು. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ 1817ರಲ್ಲೇ ಇದನ್ನು ವಿವರಿಸಿದ್ದರು: ಅಷ್ಟೇ ದುಡಿಮೆಗೆ ಫಲವತ್ತಾದ ನೆಲ ಬಡ ನೆಲಕ್ಕಿಂತ ಎಷ್ಟು ಹೆಚ್ಚು ಕೊಡುತ್ತದೆಯೋ ಅಷ್ಟು ಗೇಣಿಯಾಗುತ್ತದೆ. ಹಾಗಾಗಿ ಗೇಣಿ ಕಳೆದ ಮೇಲೆ ಉಳಿದದ್ದು ಮಾತ್ರ ನಿಮ್ಮ ಜಾಣ್ಮೆಯ ಫಲ. ಅದಕ್ಕೆ ಮೊದಲಿನದು ಮಣ್ಣು ಕೊಟ್ಟದ್ದು.

ಆದರೆ ಈ ಪೂರ್ತಿ ಲೆಕ್ಕವನ್ನು ಎಲ್ಲ ತೀರ್ಮಾನಕ್ಕೂ ಬಳಸಬಾರದು. ಮುಂದಿನ ವರ್ಷಗಳಲ್ಲೂ ಇದೇ ಬೆಳೆ ಇಡಬೇಕೇ ಎಂಬುದಕ್ಕೆ ಎಲ್ಲ ಸಾಲುಗಳೂ ಬೇಕು. ಕಟಾವಿಗೆ ಬಂದ ಬೆಳೆಯ ಮುಂದೆ ನಿಂತಾಗ ಬೇಕಾದದ್ದು ಇನ್ನು ಮುಂದಿನ ಖರ್ಚು ಮಾತ್ರ. ಈವರೆಗೆ 100 ಪಾಲು ಹಾಕಿದ್ದೀರಿ. ಕೊಯ್ದು, ಮೂಟೆ ಕಟ್ಟಿ, ಸಾಗಿಸಲು ಇನ್ನೂ 30 ಬೇಕು ಎಂದುಕೊಳ್ಳಿ. ಮಾರಿದರೆ 50 ಬರುವುದಾದರೆ ಕೊಯ್ಯಿರಿ. ನಷ್ಟ 100ರ ಬದಲು 80ಕ್ಕೆ ಇಳಿಯುತ್ತದೆ. 25 ಮಾತ್ರ ಬರುವುದಾದರೆ ಕೊಯ್ಲು ನಷ್ಟವನ್ನು 105ಕ್ಕೆ ಏರಿಸುತ್ತದೆ. ಆಗ ಬೆಳೆಯನ್ನು ಮಣ್ಣಿಗೆ ಉತ್ತುಬಿಡುವುದೇ ಮೇಲು. ಇದನ್ನು ಹೇಳುವಾಗ ನನಗೂ ಸಂಕಟವಾಗುತ್ತದೆ, ಏಕೆಂದರೆ ಹಾಕಿದ ಹಣಕ್ಕಾದರೂ ಕೊಯ್ಯೋಣ ಎಂಬ ಮಾತು ದುಡಿದವರ ಹೊಟ್ಟೆಯಿಂದಲೇ ಬರುತ್ತದೆ. ಆದರೂ ಹಾಕಿದ ಹಣ ಎರಡೂ ದಾರಿಯಲ್ಲಿ ಹೋಗಿಯೇ ಹೋಗಿದೆ.

ಗೊಬ್ಬರಕ್ಕೂ ನೀರಿಗೂ ಇದೇ ಬಗೆಯ ಪ್ರಶ್ನೆ: ಕೊನೆಯ ಚೀಲ ಎಷ್ಟು ತಂದುಕೊಟ್ಟಿತು? ಹೆಚ್ಚು ಹಾಕಿದಷ್ಟೂ ಪ್ರತಿ ಚೀಲದಿಂದ ಸಿಗುವ ಇಳುವರಿ ಕುಗ್ಗುತ್ತಾ ಹೋಗುತ್ತದೆ. ಹೊಲದ ನಡುವೆ ಒಂದೆರಡು ಪಟ್ಟಿಗೆ ಕೊನೆಯ ಕಂತನ್ನು ಹಾಕದೆ ಬಿಡಿ, ಕೊಯ್ಲಿನಲ್ಲಿ ಅದನ್ನು ಬೇರೆಯಾಗಿ ತೂಗಿ. ಕಂತು ಹಾಕಿದ ಕಡೆ ಅಷ್ಟೇ ಜಾಗದಲ್ಲಿ ಹೆಚ್ಚು ಬಂದ ಇಳುವರಿಯ ಬೆಲೆ ಆ ಕಂತಿನ ಖರ್ಚಿಗಿಂತ ಕಡಿಮೆಯಿದ್ದರೆ ಮುಂದಿನ ಸಲ ಅದು ಬೇಡ.

ನೀರಿನ ಸಾಲಿಗೆ ಅಳತೆ ಕಷ್ಟವಲ್ಲ. ಒಂದು ಹೆಕ್ಟೇರಿಗೆ 1 ಮಿಲಿಮೀಟರ್ ಎಂದರೆ 10,000 ಲೀಟರ್. 50 ಮಿಲಿಮೀಟರ್ ಹಾಯಿಸಿದರೆ 5 ಲಕ್ಷ ಲೀಟರ್. ಅಷ್ಟನ್ನು 30 ಮೀಟರ್ ಆಳದಿಂದ ಎತ್ತಲು ಅರ್ಧ ದಕ್ಷತೆಯ ಪಂಪಿಗೆ ಸುಮಾರು 80 ಯೂನಿಟ್ ವಿದ್ಯುತ್ ಬೇಕು; ನೀರು 60 ಮೀಟರಿಗೆ ಇಳಿದರೆ ಇದರ ಎರಡರಷ್ಟು. ವಿದ್ಯುತ್ ಅಗ್ಗವಾಗಿ ಸಿಗುವಲ್ಲಿಯೂ ಯೂನಿಟ್‌ಗಳನ್ನು ಬರೆಯಿರಿ.

ಮಣ್ಣಿನ ಸವಕಳಿ ಕಣ್ಣಿಗೆ ಬೀಳುವುದಿಲ್ಲ. ಒಂದು ಹೆಕ್ಟೇರಿನಿಂದ 1 ಮಿಲಿಮೀಟರ್ ಮೇಲ್ಮಣ್ಣು ಕೊಚ್ಚಿಹೋದರೆ ಸುಮಾರು 13 ಟನ್ ಹೋದಂತೆ. ಅದರಲ್ಲಿ ಶೇ 0.1ರಷ್ಟು ಸಾರಜನಕವಿದ್ದರೆ 13 ಕಿಲೋ ಸಾರಜನಕವೂ ಜೊತೆಗೆ ಹೋಯಿತು. ಅಷ್ಟು ಗೊಬ್ಬರದ ಬೆಲೆಯನ್ನು ಖರ್ಚಿನಲ್ಲಿ ಬರೆದ ಮೇಲೆ ಬದು ಕಟ್ಟುವ ಕೂಲಿ ಅನೇಕರಿಗೆ ದುಬಾರಿಯಾಗಿ ಕಾಣುವುದಿಲ್ಲ.

ಅಂತರ್ಜಲ ಮಾತ್ರ ಒಬ್ಬರ ಪುಟದಲ್ಲಿ ಮುಗಿಯುವುದಿಲ್ಲ. ನೀವು ಉಳಿಸಿದ್ದನ್ನು ಪಕ್ಕದ ಪಂಪು ಎತ್ತಬಹುದು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಮೆರಿಕದ ವಿದ್ವಾಂಸೆ ಎಲಿನಾರ್ ಆಸ್ಟ್ರಮ್ ತಮ್ಮ ಮೊದಲ ದೊಡ್ಡ ಅಧ್ಯಯನವನ್ನು ಲಾಸ್ ಏಂಜಲೀಸ್ ಬಳಿಯ ಅಂತರ್ಜಲದ ಮೇಲೆಯೇ ಮಾಡಿದ್ದರು. ಅತಿಯಾಗಿ ಎತ್ತಿದ್ದರಿಂದ ಅಲ್ಲಿ ಸಮುದ್ರದ ಉಪ್ಪುನೀರು ಒಳನುಗ್ಗುತ್ತಿತ್ತು. ಬಳಕೆದಾರರು ಒಟ್ಟುಗೂಡಿ, ನ್ಯಾಯಾಲಯದ ಮೂಲಕ ಎತ್ತುವ ಪ್ರಮಾಣಕ್ಕೆ ಮಿತಿ ಹಾಕಿಕೊಂಡರು. ಅಂಥ ಮಾತುಕತೆಗೆ ಮೊದಲು ಎಲ್ಲರೂ ನಂಬುವ ಅಂಕಿ ಬೇಕು. ತಿಂಗಳಿಗೊಮ್ಮೆ, ಒಂದೇ ತಾರೀಖಿನಂದು, ಬೆಳಗ್ಗೆ ಪಂಪು ಹಾಕುವ ಮೊದಲು, ತೂಕ ಕಟ್ಟಿದ ಅಳತೆಯ ಹಗ್ಗವನ್ನು ಬಾವಿಗೆ ಇಳಿಸಿ ನೀರಿನ ಮಟ್ಟ ಬರೆದುಕೊಳ್ಳಿ. ಅಕ್ಕಪಕ್ಕದವರೂ ಅದೇ ದಿನ ಬರೆದುಕೊಳ್ಳಲಿ.